ಕೊಳ್ಳುವವರ ವೇಷದಲ್ಲಿ ಬರುವವರು: ಬಳ್ಳಾರಿ ಸೀಮೆಯ ಕಲಾವಿದರು ಮತ್ತು ಆನ್‌ಲೈನ್ ವಂಚನೆ

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಚಿತ್ರಪಟವನ್ನೋ ಗೊಂಬೆಯನ್ನೋ ಮಾರಲು ಕುಳಿತವರು ಕೊಳ್ಳುವವನ ಮುಖ ನೋಡಿ ಬೆಲೆ ಹೇಳುತ್ತಾರೆ. ಆತ ಚೌಕಾಸಿ ಮಾಡುತ್ತಾನೆ, ಎರಡು ಹೆಜ್ಜೆ ಮುಂದೆ ಹೋಗಿ ಮರಳಿ ಬರುತ್ತಾನೆ. ಒಂದು ಕೈಗೆ ಹಣ ಬಂದಾಗ ಇನ್ನೊಂದು ಕೈಯಿಂದ ವಸ್ತು ಹೋಗುತ್ತದೆ. ಈ ವ್ಯಾಪಾರದಲ್ಲಿ ಮೋಸ ಇಲ್ಲವೆಂದಲ್ಲ. ಸವಕಲು ನೋಟು, ತಪ್ಪು ಚಿಲ್ಲರೆ ಎಲ್ಲ ಕಾಲಕ್ಕೂ ಇದ್ದವು. ಆದರೆ ಮೋಸ ಮಾಡುವವನು ಕಣ್ಣೆದುರಿಗೇ ನಿಲ್ಲಬೇಕಾಗಿತ್ತು.

ಈಗ ಆ ಅಂಗಡಿ ಮೊಬೈಲಿನೊಳಗೆ ಹೋಗಿದೆ. ಬಳ್ಳಾರಿಯಲ್ಲಿ ಶರಣರ ಭಾವಚಿತ್ರಗಳನ್ನು ಬರೆಯುವ ಯುವಕರು, ಸಿರುಗುಪ್ಪದಲ್ಲಿ ಮನೆಯಲ್ಲಿಯೇ ಕುಳಿತು ಬಟ್ಟೆಯ ಮೇಲೆ ಚಿತ್ರ ಬಿಡಿಸುವ ಹೆಣ್ಣುಮಕ್ಕಳು, ಮರ ಮತ್ತು ಕಲ್ಲಿನಲ್ಲಿ ಸಣ್ಣ ನಂದಿಗಳನ್ನು ಕೆತ್ತುವವರು ತಮ್ಮ ಕೃತಿಗಳನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ತೋರಿಸಿ ಮಾರುವುದು ಸಾಮಾನ್ಯವಾಗುತ್ತಿದೆ. ಇದು ಸಂತೋಷದ ಸಂಗತಿಯೇ. ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ನಮ್ಮ ಸೀಮೆಯ ಕೈಕೆಲಸಕ್ಕೆ ಜಗತ್ತಿನಲ್ಲಿ ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಕೇಂದ್ರವೊಂದಕ್ಕೆ ಲೆಕ್ಕ ಬರೆಯುವವರು ಇರುತ್ತಾರೆ, ಬ್ಯಾಂಕಿನೊಡನೆ ವ್ಯವಹರಿಸುವವರು ಇರುತ್ತಾರೆ. ಮನೆಯ ಪಡಸಾಲೆಯಲ್ಲಿ ಒಬ್ಬರೇ ಕುಳಿತು ಕೃತಿ ರಚಿಸಿ, ತಾವೇ ಫೋಟೊ ತೆಗೆದು, ತಾವೇ ಬೆಲೆ ಹೇಳಿ, ತಾವೇ ಕೊರಿಯರ್ ಮಾಡುವ ಕಲಾವಿದರಿಗೆ ಯಾರಿದ್ದಾರೆ? ಈ ಒಂಟಿತನವನ್ನೇ ಗುರಿಯಾಗಿಸಿಕೊಂಡು ಕೆಲವರು ಕೊಳ್ಳುವವರ ವೇಷದಲ್ಲಿ ಬರುತ್ತಿದ್ದಾರೆ. ಅವರ ಕುರಿತು ಭಕ್ತರ ಗಮನ ಸೆಳೆಯುವುದು ಅಗತ್ಯವೆಂದು ನಮಗೆ ತೋರಿದೆ.

ಈ ವಂಚನೆಯ ನಡೆ ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಾಗಿ ಹೇಳುತ್ತೇವೆ. ಇದು ಯಾವ ಒಬ್ಬ ವ್ಯಕ್ತಿಯ ಕಥೆಯೂ ಅಲ್ಲ. ದೇಶದ ಪೊಲೀಸರು ಹತ್ತಾರು ಬಾರಿ ವಿವರಿಸಿರುವ ಮಾದರಿ. ಕುರುಗೋಡಿನ ಒಬ್ಬ ತಂಗಿ ಅಕ್ಕಮಹಾದೇವಿಯ ಚಿತ್ರವೊಂದನ್ನು ಬರೆದು ಆರು ಸಾವಿರ ರೂಪಾಯಿ ಬೆಲೆ ಹಾಕಿದ್ದಾಳೆ ಎಂದುಕೊಳ್ಳಿ. ಒಂದು ಸಂಜೆ ಹಿಂದಿಯಲ್ಲಿ ಸಂದೇಶ ಬರುತ್ತದೆ. ತಾನು ಸೈನ್ಯದಲ್ಲಿದ್ದೇನೆ, ಹೊಸ ಊರಿಗೆ ವರ್ಗವಾಗಿದೆ, ಮನೆಗೆ ಈ ಚಿತ್ರ ಬೇಕು ಎನ್ನುತ್ತಾನೆ. ಬೆಲೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಚಿತ್ರದ ಅಳತೆ ಎಷ್ಟು, ಯಾವ ಬಣ್ಣ, ಚೌಕಟ್ಟು ಇದೆಯೇ ಎಂದು ಕೇಳುವುದೂ ಇಲ್ಲ. ಕೇಳದಿದ್ದರೂ ಸಮವಸ್ತ್ರದ ಫೋಟೊ, ಗುರುತಿನ ಚೀಟಿಯ ಫೋಟೊ ಕಳುಹಿಸುತ್ತಾನೆ. ಅವು ಬೇರೆ ಯಾರೋ ಯೋಧನದ್ದಾಗಿರುತ್ತವೆ. ಆಮೇಲೆ ಕರೆ ಮಾಡಿ, ಸೈನ್ಯದ ಖಾತೆಯಿಂದ ಹಣ ಬರುವ ಕ್ರಮವೇ ಬೇರೆ, ಮೊದಲು ನೀವು ಐದು ರೂಪಾಯಿ ಕಳುಹಿಸಿ, ಹತ್ತು ರೂಪಾಯಿ ಮರಳಿ ಬರುತ್ತದೆ ಎನ್ನುತ್ತಾನೆ. ಹತ್ತು ರೂಪಾಯಿ ನಿಜವಾಗಿಯೂ ಬರುತ್ತದೆ. ಅಲ್ಲಿಗೆ ನಂಬಿಕೆ ಕುದುರಿತು. ನಂತರ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದರ ಮೇಲೆ ಆರು ಸಾವಿರ ಎಂದು ಬರೆದಿರುತ್ತದೆ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಜಮಾ ಆಗುತ್ತದೆ ಎಂಬ ಮಾತು. ಆ ತಂಗಿ ಪಿನ್ ಹಾಕುತ್ತಾಳೆ. ಆರು ಸಾವಿರ ಅವಳ ಖಾತೆಯಿಂದಲೇ ಹೊರಹೋಗುತ್ತದೆ. ಗಾಬರಿಯಾಗಿ ಕೇಳಿದರೆ, ‘ಅಯ್ಯೋ ತಪ್ಪಾಯಿತು, ಇನ್ನೊಮ್ಮೆ ಮಾಡಿ, ಎರಡೂ ಸೇರಿ ಹನ್ನೆರಡು ಸಾವಿರ ಮರಳುತ್ತದೆ’ ಎಂಬ ಉತ್ತರ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆತುರದಲ್ಲಿ ಎರಡನೆಯ ಬಾರಿಯೂ ಕೈ ಚಾಚುವವರು ಕಡಿಮೆಯಿಲ್ಲ.

ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ. ಯುಪಿಐ 2016ರಲ್ಲಿ ಆರಂಭವಾದಾಗಿನಿಂದ ಈ ನಿಯಮ ಬದಲಾಗಿಲ್ಲ. ಪಿನ್ ಎಂಬುದು ನಮ್ಮ ಸಹಿ. ಸಹಿ ಹಾಕಿದರೆ ನಮ್ಮ ಪೆಟ್ಟಿಗೆಯಿಂದ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇಷ್ಟು ಸರಳವಾದ ವಿಷಯ ಓದಿದವರಿಗೂ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಏಕೆ?

ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಮೊದಲನೆಯದಾಗಿ, ನಮ್ಮ ಜನರಿಗೆ ಯೋಧನೆಂದರೆ ಗೌರವ. ಸೈನಿಕನನ್ನು ಸಂಶಯದಿಂದ ಪ್ರಶ್ನಿಸುವುದು ಅವಮಾನವೆಂಬ ಸಂಕೋಚ ಅವರನ್ನು ತಡೆಯುತ್ತದೆ. ಎರಡನೆಯದು ಇನ್ನೂ ನೋವಿನ ಸಂಗತಿ. ತನ್ನ ಕೆಲಸವನ್ನು ಚೌಕಾಸಿಯಿಲ್ಲದೆ ಮೆಚ್ಚಿದವರು ಸಿಗುವುದೇ ಅಪರೂಪವಾಗಿರುವ ಕಲಾವಿದರಿಗೆ ಆ ಮೆಚ್ಚುಗೆಯೇ ಮೈಮರೆಸುತ್ತದೆ. ಬಂಧುಗಳು ‘ಇದಕ್ಕೆ ಇಷ್ಟು ಹಣವೇ’ ಎನ್ನುವಾಗ, ದೂರದ ಒಬ್ಬ ಅಧಿಕಾರಿ ಕೇಳಿದ ಬೆಲೆಗೆ ಒಪ್ಪಿದನೆಂದರೆ ಯಾರ ಮನಸ್ಸು ತಾನೇ ಕರಗದು?

ಇನ್ನೊಂದು ಬಗೆಯ ಮೋಸ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದೆ. ಇಲ್ಲಿ ವಂಚಕ ಆಸೆಯನ್ನು ಹಿಡಿಯುವುದಿಲ್ಲ, ಪ್ರಾಮಾಣಿಕತೆಯನ್ನೇ ಹಿಡಿಯುತ್ತಾನೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಭಕ್ತರಿಗೆಲ್ಲ ತಿಳಿದದ್ದೇ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಲಕ್ಕಮ್ಮ ತಡೆದು, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ತನ್ನದಲ್ಲದ್ದು ಮನೆಯಲ್ಲಿ ಒಂದು ರಾತ್ರಿಯೂ ಉಳಿಯಬಾರದೆಂಬ ಆ ಸಂಸ್ಕಾರ ಈ ನೆಲದಲ್ಲಿ ಇನ್ನೂ ಉಳಿದಿದೆ. ವಂಚಕರಿಗೆ ಇದು ಗೊತ್ತು. ಎರಡು ಸಾವಿರದ ಗೊಂಬೆಗೆ ‘ಇಪ್ಪತ್ತು ಸಾವಿರ ಜಮಾ ಆಗಿದೆ’ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಹಿಂದೆಯೇ ಕರೆ: ಒಂದು ಸೊನ್ನೆ ಹೆಚ್ಚಾಯಿತು, ಆಸ್ಪತ್ರೆಯಲ್ಲಿದ್ದೇನೆ, ಹದಿನೆಂಟು ಸಾವಿರ ಕೂಡಲೇ ಮರಳಿಸಿ. ಸಂದೇಶ ಬಂದದ್ದು ಬ್ಯಾಂಕಿನಿಂದಲ್ಲ, ಅವನ ಫೋನಿನಿಂದಲೇ. ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ಪ್ರಾಮಾಣಿಕನಾದ ಕಲಾವಿದ ಇಲ್ಲದ ಹಣವನ್ನು ತನ್ನ ಉಳಿತಾಯದಿಂದ ‘ಹಿಂದಿರುಗಿಸುತ್ತಾನೆ’.

ಲಕ್ಕಮ್ಮನವರ ಪ್ರಸಂಗದಲ್ಲಿ ಗಮನಿಸಬೇಕಾದ ಮಾತೊಂದಿದೆ. ಹೆಚ್ಚಿನ ಅಕ್ಕಿ ಮನೆಗೆ ನಿಜವಾಗಿಯೂ ಬಂದಿತ್ತು; ಆಕೆ ಅದನ್ನು ಕಣ್ಣಾರೆ ಕಂಡು, ಅಳತೆ ತಿಳಿದು, ಅನಂತರ ಹೇಳಿದರು. ಮರಳಿ ಹೋದದ್ದೂ ಬಂದ ಜಾಗಕ್ಕೇ, ದಾರಿಯಲ್ಲಿ ಕೇಳಿದ ಮೂರನೆಯವನಿಗಲ್ಲ.

ಎರಡನೆಯ ಸಂಗತಿ ಏಕೆ ಮುಖ್ಯವೆಂದರೆ, ಕೆಲವೊಮ್ಮೆ ಹೆಚ್ಚಿನ ಹಣ ನಿಜಕ್ಕೂ ಖಾತೆಗೆ ಬಂದಿರುತ್ತದೆ. ಅದು ಬೇರೆ ಊರಿನ ಬೇರೆ ಯಾರಿಗೋ ಮೋಸ ಮಾಡಿ ಕಳುಹಿಸಿದ ಹಣವಾಗಿರಬಹುದು. ‘ಹೆಚ್ಚಾದದ್ದನ್ನು ಈ ಇನ್ನೊಂದು ನಂಬರಿಗೆ ಹಾಕಿ’ ಎಂದಾಗ ಹಾಕಿದರೆ, ಕದ್ದ ಹಣ ದಾಟಿಹೋದ ಸಾಲಿನಲ್ಲಿ ಕಲಾವಿದನ ಖಾತೆಯೂ ಒಂದಾಗುತ್ತದೆ. ಹಣ ಕಳೆದುಕೊಂಡವನು ತನ್ನ ಊರಿನಲ್ಲಿ ದೂರು ಕೊಟ್ಟ ಮೇಲೆ, ಆ ರಾಜ್ಯದ ಪೊಲೀಸರ ಸೂಚನೆಯಂತೆ ಬ್ಯಾಂಕು ಇಲ್ಲಿನ ಖಾತೆಯನ್ನು ತಡೆಹಿಡಿಯಬಹುದು. ಸಿರುಗುಪ್ಪದ ಶಾಖೆಗೆ ಹೋಗಿ ಕೇಳಿದರೆ, ಕಾಣದ ಊರಿನ ಠಾಣೆಯ ಹೆಸರು ಹೇಳಿ ಅಲ್ಲಿಂದ ಪತ್ರ ತನ್ನಿ ಎಂಬ ಉತ್ತರ ಸಿಗಬಹುದು. ತಪ್ಪು ಮಾಡದವರು ತಾವು ತಪ್ಪು ಮಾಡಿಲ್ಲವೆಂದು ತೋರಿಸಲು ಓಡಾಡಬೇಕಾದ ಸ್ಥಿತಿ ಇದು. ಆದ್ದರಿಂದ ಹೆಚ್ಚಿನ ಹಣ ನಿಜವಾಗಿಯೂ ಬಂದಿದ್ದರೆ ಫೋನಿನಲ್ಲಿ ಕೇಳಿದವನಿಗೆ ಅದನ್ನು ಕೊಡಕೂಡದು. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಯಾವ ಖಾತೆಯಿಂದ ಬಂದಿತೋ ಅದೇ ಖಾತೆಗೆ ಬ್ಯಾಂಕಿನ ಮೂಲಕವೇ ಮರಳುವಂತೆ ಕೇಳಬೇಕು, ಆ ಪತ್ರದ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಬೇಕು.

ವಿದೇಶದ ಕೊಳ್ಳುವವನ ಪತ್ರವೂ ಇದೇ ಜಾತಿಗೆ ಸೇರಿದ್ದು. ಜಗತ್ತಿನ ಎಲ್ಲೆಡೆಯ ಚಿತ್ರಕಾರರಿಗೆ ಪರಿಚಿತ. ನನ್ನ ಹೆಂಡತಿ ನಿಮ್ಮ ಚಿತ್ರವನ್ನು ಬಹಳ ಇಷ್ಟಪಟ್ಟಿದ್ದಾಳೆ, ನಾವು ಮನೆ ಬದಲಿಸುತ್ತಿದ್ದೇವೆ, ಬೆಲೆಗಿಂತ ಹೆಚ್ಚಿನ ಚೆಕ್ ಕಳುಹಿಸುತ್ತೇನೆ, ಉಳಿದದ್ದನ್ನು ಸಾಗಣೆದಾರನಿಗೆ ನೀವೇ ಕೊಟ್ಟುಬಿಡಿ. ಚೆಕ್ ಖೋಟಾ, ಸಾಗಣೆದಾರನೂ ಅವನೇ. ಚಿತ್ರದ ಡಿಜಿಟಲ್ ಪ್ರತಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇನೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಕೊಳ್ಳುವವನು ಮಾರುವವನಿಂದ ಹಣ ಕೇಳಿದ ಕೂಡಲೇ ಅದು ವ್ಯಾಪಾರವಲ್ಲವೆಂದು ತಿಳಿಯುವುದು.

ಇಂತಹ ಮೋಸಗಳ ಒಟ್ಟು ಪ್ರಮಾಣ ಸಣ್ಣದಲ್ಲ. ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿದಂತೆ 2023ರಲ್ಲಿ ದೇಶದ ಜನ ಸೈಬರ್ ವಂಚನೆಯಿಂದ ಕಳೆದುಕೊಂಡದ್ದು ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿ ದಾಟಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದರಲ್ಲಿ ಷೇರು ಹೂಡಿಕೆಯ ಹೆಸರಿನ ಕೋಟಿಗಳೂ ಇವೆ, ‘ಡಿಜಿಟಲ್ ಅರೆಸ್ಟ್’ನ ಲಕ್ಷಗಳೂ ಇವೆ. ಪತ್ರಿಕೆಗಳಲ್ಲಿ ಬರುವುದು ಅವೇ. ಆರು ಸಾವಿರ ಕಳೆದುಕೊಂಡ ಚಿತ್ರಗಾರ್ತಿ ಸುದ್ದಿಯಾಗುವುದಿಲ್ಲ. ಬಹುಮಟ್ಟಿಗೆ ದೂರನ್ನೂ ಕೊಡುವುದಿಲ್ಲ. ಆದರೆ ಆ ಆರು ಸಾವಿರ ಅವಳ ಮುಂದಿನ ಮೂರು ಚಿತ್ರಗಳ ಬಣ್ಣ ಮತ್ತು ಕ್ಯಾನ್ವಾಸು. ಅದಕ್ಕಿಂತ ಹೆಚ್ಚಾಗಿ, ‘ಸಾಕು ಬಿಡು ಈ ಮೊಬೈಲ್ ವ್ಯಾಪಾರ’ ಎಂದು ಮನೆಯವರು ಹೇಳಲು ಒಂದು ನೆಪ. ಎಷ್ಟು ಕೈಗಳು ಹೀಗೆ ಕುಂಚವನ್ನು ಕೆಳಗಿಟ್ಟಿವೆಯೋ ಯಾವ ಲೆಕ್ಕದಲ್ಲೂ ಸಿಗದು.

ಕಾನೂನು ಏನು ಹೇಳುತ್ತದೆ? 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಡಿ ಕಲಮಿನಂತೆ, ಬೇರೊಬ್ಬರ ವೇಷದಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ವಂಚಿಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಮುಗಳೂ ವಂಚನೆಗೆ ಅನ್ವಯಿಸುತ್ತವೆ. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ಈ ಕೆಲಸಕ್ಕೆಂದೇ ಇರುವ ಸಿಇಎನ್ ಠಾಣೆ ಇರುವುದು ಬಳ್ಳಾರಿಯಲ್ಲಿ. ಸಿರುಗುಪ್ಪದಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಒಂದು ದಿನದ ಕೆಲಸ ಬಿಟ್ಟು, ಮೂರು ಸಾವಿರದ ದೂರು ಬರೆಸಲು ಯಾರು ಮುಂದಾಗುತ್ತಾರೆ? ವಂಚಕರು ಸಣ್ಣ ಮೊತ್ತವನ್ನು ಆರಿಸಿಕೊಳ್ಳುವುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಬ್ಯಾಂಕುಗಳ ವಿಷಯದಲ್ಲಿ ನಮ್ಮ ಅಸಮಾಧಾನವನ್ನು ಮುಚ್ಚಿಡಲಾರೆವು. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೃತ್ಯದಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆತನ ಮೇಲೆ ಹೊಣೆಯಿಲ್ಲವೆಂದು ಹೇಳಿತು. ಒಳ್ಳೆಯ ನಿಯಮ. ಆದರೆ ಗ್ರಾಹಕನ ನಿರ್ಲಕ್ಷ್ಯದಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಮೋಸದ ಮಾತಿಗೆ ಮರುಳಾಗಿ ತಾನೇ ಪಿನ್ ಒತ್ತಿದ ಕಲಾವಿದೆಯನ್ನು ಬ್ಯಾಂಕು ಈ ಎರಡನೆಯ ಸಾಲಿನಲ್ಲೇ ನಿಲ್ಲಿಸುತ್ತದೆ. ‘ಜಾಗೃತರಾಗಿರಿ’ ಎಂಬ ಫಲಕವನ್ನು ಗೋಡೆಗೆ ತೂಗುಹಾಕಿದ ಮೇಲೆ ಉಳಿದ ಹೊಣೆಯೆಲ್ಲ ಜನರದೇ ಎಂಬಂತಿರುವ ಈ ಧೋರಣೆ ನ್ಯಾಯವಲ್ಲ. ವ್ಯವಸ್ಥೆಯನ್ನು ತಿದ್ದಿದರೆ ಮೋಸದ ದಾರಿ ಕಿರಿದಾಗುತ್ತದೆ ಎಂಬುದಕ್ಕೆ ನಿದರ್ಶನವೂ ಇದೆ. ಅಪರಿಚಿತರು ನಮ್ಮ ಫೋನಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳುಹಿಸಿ ಅದನ್ನೇ ‘ಹಣ ಬರುತ್ತಿದೆ’ ಎಂದು ನಂಬಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಕೋರಿಕೆ ಕಳುಹಿಸುವ ಸೌಲಭ್ಯವನ್ನೇ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಕೋಡಿನ ಬಾಗಿಲು ಮಾತ್ರ ತೆರೆದೇ ಇದೆ.

ಈ ವಂಚಕರು ಯಾರು ಎಂಬ ಪ್ರಶ್ನೆಗೆ ದೂರದ ಊರುಗಳ ಹೆಸರು ಹೇಳುವುದು ರೂಢಿ. ಝಾರ್ಖಂಡದ ಜಾಮ್ತಾರಾ, ಹರಿಯಾಣ–ರಾಜಸ್ಥಾನ ಗಡಿಯ ಮೇವಾತ್. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ಸಾವಿರಾರು ಸಿಬ್ಬಂದಿಯೊಂದಿಗೆ ನೂಹ್ ಜಿಲ್ಲೆಯ ಹಳ್ಳಿಗಳ ಮೇಲೆ ಒಟ್ಟಿಗೇ ದಾಳಿ ಮಾಡಿದ್ದು ವರದಿಯಾಗಿತ್ತು. ಆದರೆ ಕದ್ದ ಹಣ ಇಳಿಯುವುದಕ್ಕೆ ಖಾತೆಗಳು ಬೇಕು, ಮಾತನಾಡಲು ಸಿಮ್ ಕಾರ್ಡುಗಳು ಬೇಕು. ಅವು ದೇಶದ ಎಲ್ಲ ಊರುಗಳಿಂದ ಪೂರೈಕೆಯಾಗುತ್ತವೆ. ಕೆಲವು ಸಾವಿರ ರೂಪಾಯಿಗೆ ತನ್ನ ಖಾತೆಯನ್ನೂ ಎಟಿಎಂ ಕಾರ್ಡನ್ನೂ ‘ಬಾಡಿಗೆಗೆ’ ಕೊಡುವ ವಿದ್ಯಾರ್ಥಿ ತಾನು ಕಳ್ಳನಲ್ಲವೆಂದೇ ಭಾವಿಸಿರುತ್ತಾನೆ. ನಮ್ಮ ವಿದ್ಯಾರ್ಥಿ ನಿಲಯಗಳಲ್ಲಿ, ನಮ್ಮ ಓಣಿಗಳಲ್ಲಿ ಈ ಮಾತು ಬಂದಾಗ ಹಿರಿಯರು ಕಿವುಡರಾಗಬಾರದು. ಕಾನೂನಿನ ಕಣ್ಣಿಗೆ ಮೊದಲು ಬೀಳುವವನು ಆ ಹುಡುಗನೇ.

ಇಲ್ಲಿ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕಾಗಿದೆ. ಉತ್ಸವಕ್ಕೆಂದು ಭಾವಚಿತ್ರ, ನೆನಪಿನ ಕಾಣಿಕೆ, ವೇದಿಕೆಯ ಅಲಂಕಾರ ಇವನ್ನೆಲ್ಲ ಸ್ಥಳೀಯ ಕಲಾವಿದರಿಂದ ಮಾಡಿಸುವ ಸಂಘ ಸಂಸ್ಥೆಗಳು, ಮಠಗಳೂ ಸೇರಿದಂತೆ, ಮುಂಗಡ ಕೊಡುವುದು ಕಡಿಮೆ. ದೊಡ್ಡವರು ಹೇಳಿದರೆಂದು ಕಲಾವಿದ ಕೆಲಸ ಮುಗಿಸಿ ಕೊಡುತ್ತಾನೆ. ಹಣ ಕಾರ್ಯಕ್ರಮ ಮುಗಿದು ಎರಡು ತಿಂಗಳಿಗೆ ಬರುತ್ತದೆ, ಕೆಲವೊಮ್ಮೆ ಶಾಲು ಮಾತ್ರ ಬರುತ್ತದೆ. ಬರಹದಲ್ಲಿ ಏನೂ ಇರುವುದಿಲ್ಲ. ಕೇಳಿದರೆ ಅಗೌರವ. ಹೀಗೆ ಅಧಿಕಾರದ ದನಿಗೆ ತಲೆಬಾಗಿ, ಲೆಕ್ಕ ಕೇಳದೆ, ನಂಬಿ ಕೊಡುವುದನ್ನು ನಾವೇ ಅಭ್ಯಾಸ ಮಾಡಿಸಿದ್ದೇವೆ. ‘ಮುಂಗಡವಿಲ್ಲದೆ ಕೆಲಸ ಮುಟ್ಟುವುದಿಲ್ಲ’ ಎಂದು ಊರಿನವರಿಗೆ ಹೇಳಲಾಗದವರು, ಸಮವಸ್ತ್ರದ ಫೋಟೊ ಕಳುಹಿಸಿದವನಿಗೆ ಹೇಗೆ ಹೇಳಿಯಾರು? ಕಾಯಕಕ್ಕೆ ತಕ್ಕ ಪ್ರತಿಫಲವನ್ನು ತಕ್ಕ ಸಮಯದಲ್ಲಿ ಕೊಡುವುದು ಬೋಧನೆಗಿಂತ ಮೊದಲು ಲೆಕ್ಕಪುಸ್ತಕದಲ್ಲಿ ಕಾಣಬೇಕು.

ಮುಂಗಡ ಕೇಳುವುದು ಅಗೌರವವೇನಲ್ಲ. ಹಿಂದೆ ಬೆಂಗಳೂರು, ಧಾರವಾಡದ ಪ್ರಕಾಶಕರಿಂದ ಪುಸ್ತಕ ತರಿಸುವಾಗ ವಿ.ಪಿ.ಪಿ. ಪದ್ಧತಿ ಇದ್ದದ್ದು ಹಿರಿಯ ಓದುಗರಿಗೆ ನೆನಪಿರುತ್ತದೆ. ಅಂಚೆಯವನಿಗೆ ಹಣ ಕೊಟ್ಟ ಮೇಲೆಯೇ ಕಟ್ಟು ಕೈಗೆ ಬರುತ್ತಿತ್ತು. ಪ್ರಕಾಶಕನ ಮೇಲೆ ಯಾರೂ ಕೋಪಿಸಿಕೊಂಡಿಲ್ಲ. ಅಪರಿಚಿತರಿಗೆ ಮಾರುವ ಕಲಾವಿದರೂ ಅರ್ಧ ಹಣ ಬಂದ ಮೇಲೆ ಕೆಲಸ ಆರಂಭ, ಪೂರ್ತಿ ಬಂದ ಮೇಲೆ ರವಾನೆ ಎಂದು ತಮ್ಮ ಪುಟದಲ್ಲಿಯೇ ಬರೆದಿಡಬಹುದು. ಹಣ ಪಡೆಯಲು ತಮ್ಮ ಕ್ಯೂಆರ್ ಕೋಡನ್ನೇ ಕೊಡಬೇಕು, ಅವನು ಕಳುಹಿಸಿದ್ದನ್ನು ಮುಟ್ಟಬಾರದು. ಹಣ ಬಂದಿದೆಯೇ ಎಂಬುದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಶಿಲ್ಕು ನೋಡಿಯೇ ತಿಳಿಯಬೇಕು; ಸಂದೇಶವಾಗಲಿ, ಅವನು ಕಳುಹಿಸಿದ ಸ್ಕ್ರೀನ್‌ಶಾಟ್ ಆಗಲಿ ಸಾಕ್ಷಿಯಲ್ಲ. ಮಾರಾಟಕ್ಕೆಂದೇ ಬೇರೊಂದು ಖಾತೆ ಇಟ್ಟು, ಬಂದ ಹಣವನ್ನು ಆಗಾಗ ಮನೆಯ ಖಾತೆಗೆ ವರ್ಗಾಯಿಸಿದರೆ ಏನಾದರೂ ಆದಾಗ ಹೋಗುವುದು ಸ್ವಲ್ಪವೇ. ಕೊಳ್ಳುವವನು ನಿಜವಾದವನೋ ಎಂದು ತಿಳಿಯಲು ಚಿತ್ರದ ಬಗ್ಗೆಯೇ ಒಂದು ಪ್ರಶ್ನೆ ಕೇಳಿ ನೋಡಬಹುದು: ಯಾವ ಗೋಡೆಗೆ, ಎಷ್ಟು ಅಗಲದ ಜಾಗ? ನಿಜವಾಗಿ ಕೊಳ್ಳುವವನು ಉತ್ಸಾಹದಿಂದ ಹೇಳುತ್ತಾನೆ. ಇನ್ನೊಬ್ಬನು ಪಾವತಿಯ ಮಾತಿಗೇ ಮರಳುತ್ತಾನೆ.

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಹೋದಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಎದ್ದದ್ದು ನೆನಪಿರಬಹುದು. ವಂಚನೆಯ ಭಯದಿಂದಲೂ ಕೆಲವರು ಹಾಗೆಯೇ ಯೋಚಿಸುತ್ತಿದ್ದಾರೆ. ಆದರೆ ಕುರುಗೋಡಿನ ಚಿತ್ರವನ್ನು ಪುಣೆಯಲ್ಲಿರುವವರು ನಗದು ಕೊಟ್ಟು ಕೊಳ್ಳಲಾರರು.

ಮೋಸ ನಡೆದುಹೋಗಿದ್ದರೆ ಮೊದಲ ಗಂಟೆಯೇ ಮುಖ್ಯ. 1930 ಸಂಖ್ಯೆಗೆ ಕರೆ ಮಾಡಿದರೆ, ಹಣ ಇಳಿದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗಿ, ಇನ್ನೂ ತೆಗೆಯದಿದ್ದಲ್ಲಿ ಅದನ್ನು ತಡೆಹಿಡಿಯುವ ವ್ಯವಸ್ಥೆ 2021ರಿಂದ ಇದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಬಳ್ಳಾರಿಯವರೆಗೆ ಹೋಗುವ ಮೊದಲೇ ಈ ಕೆಲಸ ಆಗಬೇಕು. ಕರೆ ಮಾಡುವಾಗ ಪಾವತಿಯ ವಿವರದಲ್ಲಿರುವ 12 ಅಂಕಿಗಳ ಯುಟಿಆರ್ ಸಂಖ್ಯೆ, ಹಣ ಹೋದ ಯುಪಿಐ ವಿಳಾಸ, ಸಮಯ, ವಂಚಕನ ಫೋನ್ ನಂಬರ್ ಕೈಯಲ್ಲಿರಲಿ. ಸಿಟ್ಟಿನಿಂದ ಮಾತುಕತೆಯನ್ನು ಅಳಿಸಿಹಾಕಬೇಡಿ, ಅದೇ ಸಾಕ್ಷಿ. ನಾಚಿಕೆಯಿಂದ ರಾತ್ರಿಯಿಡೀ ಸುಮ್ಮನಿದ್ದು ಬೆಳಗ್ಗೆ ಹೇಳಿದರೆ ಹಣ ಆಗಲೇ ನಾಲ್ಕು ಖಾತೆ ದಾಟಿ ಎಟಿಎಂನಿಂದ ಹೊರಬಿದ್ದಿರಬಹುದು. ಮಗಳೋ ಸೊಸೆಯೋ ಅಳುಕುತ್ತಾ ಬಂದು ಹೀಗಾಯಿತೆಂದು ಹೇಳಿದ ಗಳಿಗೆಯಲ್ಲಿ ಮನೆಯ ಹಿರಿಯರು ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳುತ್ತಾ ಕೂರುವುದಕ್ಕಿಂತ ಮೊದಲು ಆ ನಾಲ್ಕು ಅಂಕಿಗಳನ್ನು ಒತ್ತಿ ಫೋನನ್ನು ಅವಳ ಕೈಗೆ ಕೊಡಲಿ.